ಎರಡು ಮಂಡಿ, ಒಂದು ಅಪೀಲು

ಮಾರ್ಚ್ 4, ಬೆಳಿಗ್ಗೆ

ಬಿಸಿನೀರಿನ ಚೀಲ ಮತ್ತೆ ಸೋರಿತು. ಹಾಸಿಗೆಯೆಲ್ಲ ಒದ್ದೆ. ಇವರ ಎರಡೂ ಮಂಡಿ ಇವತ್ತು ಕುಂಬಳಕಾಯಿ. ಕೇಳಿದರೆ "ಏನಿಲ್ಲ ಬಿಡೇ."

ಮಧ್ಯಾಹ್ನ

ಸೈನ್ಯದ ಮೆಡಿಕಲ್ ಬೋರ್ಡಿನ ಉತ್ತರ ಬಂತು. ಅರ್ಜಿ ತಿರಸ್ಕಾರ. ಮಂಡಿ ಸವೆದದ್ದು ವಯಸ್ಸಿನಿಂದ, ಸೈನ್ಯದ ಸೇವೆಯಿಂದಲ್ಲವಂತೆ. ಸೇವೆಯಿಂದ ಅಂತ ಒಪ್ಪಿದರೆ ಮಾತ್ರ ಸೈನ್ಯದ ಆಸ್ಪತ್ರೆಯಲ್ಲಿ ಆಪರೇಷನ್. ಆಗದಿದ್ದರೆ ಬರುವ ವರ್ಷ ಗಾಲಿಕುರ್ಚಿಯೇ ಗತಿ ಎಂದು ಮೂಳೆ ಡಾಕ್ಟರು ಆಗಲೇ ಹೇಳಿದ್ದಾರೆ. ನಾವಿರುವುದು ಎರಡನೇ ಮಹಡಿ. ಗಾಲಿಕುರ್ಚಿಗೆ ರೆಕ್ಕೆ ಇರುತ್ತಾ?

ಕೊನೆಗೊಂದು ಸಾಲು — "ಪರೀಕ್ಷೆಯ ವೇಳೆ ಅರ್ಜಿದಾರರು ಯಾವ ಆಧಾರವೂ ಇಲ್ಲದೆ ಥಟ್ಟನೆ ಎದ್ದು ನಿಂತಿರುತ್ತಾರೆ."

"ಎದ್ದು ನಿಂತ್ರಾ?" ಅಂದೆ.

"ಕರ್ನಲ್ ಒಳಗೆ ಬಂದ್ರು ಕಣೇ. ಕೂತಿರೋಕಾಗುತ್ತಾ?"

"ನೋವಾಗಲಿಲ್ವಾ?"

"ಪ್ರಾಣ ಹೋಯ್ತು."

"ಮುಖದಲ್ಲಾದ್ರೂ ತೋರಿಸಬೇಕಿತ್ತು!"

"ಕರ್ನಲ್ ಮುಂದೇನಾ?"

ಸೈನ್ಯ ಇವರನ್ನು ಕೆಲವು ವರ್ಷ ತಿದ್ದಿತು. ನಾನು ಅದಕ್ಕಿಂತ ಹೆಚ್ಚು ವರ್ಷ ತಿದ್ದಿದ್ದೇನೆ. ಗೆದ್ದದ್ದು ಸೈನ್ಯ.

ಮಾರ್ಚ್ 11

ಅಪೀಲು ಕಚೇರಿ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಕಾಲಿಲ್ಲದವರ ಕಚೇರಿಯನ್ನು ಅಲ್ಲಿಟ್ಟ ಪುಣ್ಯಾತ್ಮ ಯಾರೋ. ಗಾಜಿನ ಹಿಂದೆ ಗುಮಾಸ್ತ. ತಲೆ ಎತ್ತಲಿಲ್ಲ.

"ಸಾಕ್ಷಿ ಬೇಕಮ್ಮಾ. ದಿನಾ ಅವರ ಕಷ್ಟ ನೋಡಿದವರು."

"ನಾನು ನೋಡಿದೀನಲ್ಲಪ್ಪಾ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ನೀವು ಮನೆಯವರು. ಹೊರಗಿನವರು ಬೇಕು."

"ಮನೆ ಕಷ್ಟ ಹೊರಗಿನವರಿಗೆ ಯಾಕೆ ತೋರಿಸ್ತೀವಿ?"

"ಅದಕ್ಕೇ ಅಮ್ಮಾ ಅರ್ಜಿ ಬಿದ್ದುಹೋಗೋದು."

ಬಾಯಿ ನೋಡು ಇವನದು.

ಮಾರ್ಚ್ 12

ಸಾಕ್ಷಿ ಎಲ್ಲಿಂದ ತರಲಿ? ಯಾರೂ ನೋಡದ ಹಾಗೆ ನೋಡಿಕೊಂಡವಳೇ ನಾನು. ಇವರು ಮೆಟ್ಟಿಲು ಇಳಿಯುವುದು ಕೂತುಕೊಂಡು. ಒಂದೊಂದೇ ಮೆಟ್ಟಿಲು, ಎಳೆಮಗುವಿನ ಹಾಗೆ ಜಾರಿಕೊಂಡು. ನಮ್ಮ ಮೆಟ್ಟಿಲು ಇರುವುದು ಹೊರಗೆ, ಬೀದಿಗೆ ಕಾಣುವಂತೆ. ಅದಕ್ಕೇ ಇವರು ಇಳಿಯುವ ಮುಂಚೆ ಕಂಬಿಯ ಮೇಲೆ ದೊಡ್ಡ ಬೆಡ್‌ಶೀಟ್ ಹರವುತ್ತೇನೆ. ಕೆಳಗೆ ಮುಟ್ಟಿದ ಮೇಲೆ ಪ್ಯಾಂಟು ಕೊಡವಿ ಕೋಲು ಕೈಗೆ ಕೊಡುವುದು. ಕೋಲು ಯಾಕೆ ಎಂದವರಿಗೆ "ಬೀದಿನಾಯಿ ಕಾಟ" ಅಂದಿದ್ದೇನೆ.

ಅಂಗಡಿಯವನನ್ನು ಕೇಳಿ ನೋಡಿದೆ. "ಯಜಮಾನ್ರಿಗೆ ಮಂಡಿ ನೋವಾ? ಕುದುರೆ ಹಾಗಿದಾರೆ ಅಂತ ನೀವೇ ಹೇಳ್ತಿದ್ರಲ್ಲಮ್ಮಾ!"

ಹೇಳಿದ್ದೆ. ಹೌದು.

"ಅತ್ತೆ, ಎದುರುಮನೆ ರೇಡಿಯೋನ ಕೇಳಿ," ಅಂದಳು ಸೊಸೆ. ರೇಡಿಯೋ ಎಂದರೆ ಎದುರುಮನೆಯವಳು. ಬೀದಿಯ ಸುದ್ದಿಯೆಲ್ಲ ಬಿತ್ತರಿಸುವವಳು. ಚರಂಡಿ ನೀರಿನ ಜಗಳ ಆದಾಗಿನಿಂದ ಅವಳಿಗೂ ನನಗೂ ಮಾತಿಲ್ಲ.

"ಅವಳ ಹೊಸ್ತಿಲು ತುಳಿಯೋದಕ್ಕಿಂತ ಗಾಲಿಕುರ್ಚಿ ತಳ್ಳಿಕೊಂಡೇ ಸಾಯ್ತೀನಿ."

"ಎಲ್ಲಿಗೆ ತಳ್ತೀರಿ ಅತ್ತೆ? ಅಡುಗೆಮನೆಗಾ?"

ಇವಳ ಬಾಯಿ ಇವಳ ತವರಿನದಲ್ಲ. ಈ ಮನೆಗೆ ಬಂದ ಮೇಲೆ ಕಲಿತದ್ದು.

ಏಪ್ರಿಲ್ 2

ತುಳಿದೆ.

ಬೆಳಿಗ್ಗೆ ಇವರು ನಡುಮೆಟ್ಟಿಲಲ್ಲಿ ಸಿಕ್ಕಿಕೊಂಡರು. ಮೇಲೂ ಇಲ್ಲ, ಕೆಳಗೂ ಇಲ್ಲ. ಸೊಸೆ ಒಂದು ಕಡೆ, ನಾನೊಂದು ಕಡೆ — ಎತ್ತಲಾಗಲಿಲ್ಲ. ಬೆಡ್‌ಶೀಟ್ ಹಿಂದೆ ಮೂವರೂ ಕಳ್ಳರ ಹಾಗೆ ಉಸಿರು ಹಿಡಿದು ಕೂತೆವು. ಹೇಳಿದರೆ ಮಾನ ಹೋಗುತ್ತೆ, ಹೇಳದಿದ್ದರೆ ಪ್ರಾಣ ಹೋಗುತ್ತೆ. ಕೊನೆಗೆ ಹೇಗೋ ಮೇಲಕ್ಕೆ ಎಳೆದುಕೊಂಡೆವು. ಮಧ್ಯಾಹ್ನ ತಲೆ ಬಾಚಿಕೊಂಡು ಹೋದೆ.

ರೇಡಿಯೋ ಬಾಗಿಲಲ್ಲೇ ಶುರು. "ಬನ್ನಿ ಬನ್ನಿ. ಆ ಹೂವಿನ ಬೆಡ್‌ಶೀಟ್ ಇನ್ನೂ ಒಣಗಿಲ್ವಾ? ಹೋದ ವರ್ಷದಿಂದ ಒಣಗ್ತಾನೇ ಇದೆ."

ನೆಲ ಬಾಯಿಬಿಡಬಾರದಾ ಅನ್ನಿಸಿತು.

"ಗೊತ್ತಿತ್ತಾ ನಿಮಗೆ?"

"ಕಂಬಿ ಸಂದೀಲಿ ಕಾಲು ಕಾಣುತ್ತೆ ತಾಯಿ."

"ಯಾರ್ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ಲ." ಲೋಟ ಕುಕ್ಕಿದಳು. "ನನಗೇನು ಬೇರೆ ಸುದ್ದಿ ಇಲ್ವಾ?"

ಎರಡು ಸಾಲು ಬರೆದುಕೊಡಿ ಅಂದೆ.

"ಬರೆಯೋದೆಲ್ಲ ಆಗಲ್ಲ. ಬಂದು ಹೇಳ್ತೀನಿ."

ಅಯ್ಯೋ.

ಏಪ್ರಿಲ್ 20

ಅಪೀಲಿನ ಹಿಯರಿಂಗ್‌ಗೆ ರಿಹರ್ಸಲ್. ಸೊಸೆ ಕುರ್ಚಿ ಹಾಕಿಕೊಂಡು ಅಧಿಕಾರಿಯಾದಳು.

"ಹೇಗಿದೆ ಮಂಡಿ?"

"ಚೆನ್ನಾಗಿದೆ ಸರ್!"

ಸೊಸೆಗೆ ಸರ್! ಮೇಲೆ ಎದ್ದೂ ನಿಂತರು. ಕೂರಿಸಿದೆ. ಮತ್ತೆ ಎದ್ದರು. ನನ್ನ ಹಣೆಬರಹ.

"ಟ್ರಕ್ಕಿಂದ ಬಿದ್ದು ಎಡಮಂಡಿಗೆ ಪೆಟ್ಟಾದ ದಿನ ಯಾಕೆ ವರದಿ ಮಾಡಲಿಲ್ಲ?" ಅಂದಳು ಅಧಿಕಾರಿ.

"ಬಿದ್ದಿದ್ದಲ್ಲಮ್ಮಾ, ಹಾರಿದ್ದು. ಮುಂದಿನ ಗಾಡಿಗೆ ಬೆಂಕಿ ಬಿದ್ದಿತ್ತು. ಒಳಗೆ ನಮ್ಮವರಿದ್ರು. ನನ್ನ ಮಂಡಿ ಕಥೆ ಯಾರಿಗೆ ಬೇಕಿತ್ತು?"

ನಾನೂ ಇದನ್ನು ಕೇಳಿದ್ದು ಇವತ್ತೇ. ಇಷ್ಟು ವರ್ಷ ನನಗೆ ಹೇಳಿದ್ದು "ಟ್ರಕ್ಕಿಂದ ಇಳಿಯೋವಾಗ ಕಾಲು ಜಾರ್ತು" ಅಂತ. ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದೆ. ಕಾಫಿ ಇಡಲು ಹೋದೆ.

ಮೇ 6, ಸಂಜೆ

ಹಿಯರಿಂಗ್ ಮುಗಿಯಿತು.

ಕಂಬಿ ಹಿಡಿದು, ನಿಂತು ನಿಂತು, ಇವರು ಆ ಮೂರು ಮಹಡಿ ಹೇಗೋ ಹತ್ತಿದರು. ಇವರಿಗೆ ಇಳಿಯುವುದೇ ಆಗದು. ಮೇಜಿನ ಹಿಂದೆ ಇಬ್ಬರಿದ್ದರು. ಮೂರನೆಯವರು, ದೊಡ್ಡ ಅಧಿಕಾರಿ, ಒಳಗೆ ಬಂದರು. ಇವರು ಏಳಲು ಹೋದರು — ಹೆಗಲು ಹಿಡಿದು ಒತ್ತಿ ಕೂರಿಸಿದೆ. ಎಲ್ಲರೂ ನನ್ನನ್ನೇ ನೋಡಿದರು. ನೋಡಲಿ.

"ಮಂಡಿ ಹೇಗಿದೆ?"

"ಪರವಾಗಿಲ್ಲ ಸರ್."

"ಪರವಾಗಿಲ್ವಂತೆ!" ರೇಡಿಯೋ ಆನ್ ಆಯಿತು. ಮೆಟ್ಟಿಲು, ಬೆಡ್‌ಶೀಟ್, ನಾಯಿ ಕೋಲು — ಒಂದನ್ನೂ ಬಿಡಲಿಲ್ಲ. ಪಕ್ಕದ ಕೋಣೆಯವರೂ ಬಂದು ಬಾಗಿಲಲ್ಲಿ ನಿಂತರು. ಇವರ ಕಿವಿ ಕೆಂಪು.

"ನಿಜವೇನಮ್ಮಾ?" ಅಧಿಕಾರಿ ಕೇಳಿದ್ದು ನನ್ನನ್ನು.

"ನಿಜ."

"ಹೊರಗೆ ಮೆಟ್ಟಿಲಿದೆಯಲ್ಲ. ನೋಡೋಣ."

ಮೂವರೂ ಎದ್ದು ಬಂದರು. ಇವರು ಮೇಲಿನ ಮೆಟ್ಟಿಲಲ್ಲಿ ನಿಂತರು. ಎದೆ ಮುಂದೆ, ಗಲ್ಲ ಮೇಲೆ, ನಾನೇ ಇಸ್ತ್ರಿ ಮಾಡಿದ ಪ್ಯಾಂಟು. ಕೂರಲಿಲ್ಲ. ನಿಂತೇ ಇಳಿಯಲು ಕಾಲೆತ್ತಿದರು. ಕಾಲು ಗಡಗಡ.

"ಕೂತ್ಕೊಳ್ಳಿ," ಅಂದೆ.

ಕೇಳಲಿಲ್ಲ.

"ಕೂತ್ಕೊಳ್ಳಿ ಅಂದೆ! ಇದು ಆರ್ಡರ್!"

ಕೂತರು. ಇಳಿದರು. ಜಾರಿ, ನಿಂತು, ಜಾರಿ… ತಿರುವಿನವರೆಗೆ. ರೇಡಿಯೋ ಓಡಿ ಹೋಗಿ ಕೋಲು ಕೈಗೆ ಕೊಟ್ಟಳು.

ಮೇ 9

ಇವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಉಪ್ಪು ಬೇಕಾದರೆ ಸೊಸೆಯನ್ನು ಕೇಳುತ್ತಾರೆ. ಉಪ್ಪು ಇರುವುದು ನನ್ನ ಮುಂದೆ.

ಜುಲೈ 14

ಗುಮಾಸ್ತ ಫೋನ್ ಮಾಡಿದ. ಎಡಮಂಡಿಗೆ ಒಪ್ಪಿಗೆ. ಬಲಮಂಡಿಯದು ವಯಸ್ಸಂತೆ.

"ಎರಡೂ ಒಂದೇ ದಿನ ಹುಟ್ಟಿದ್ದಲ್ವೇನಪ್ಪಾ? ಒಂದಕ್ಕೆ ಮಾತ್ರ ವಯಸ್ಸಾಯ್ತಾ?"

"ಅಮ್ಮಾ, ಪೆಟ್ಟು ಬಿದ್ದಿದ್ದು ಎಡಗಾಲಿಗೆ…"

"ಆ ಎಡಗಾಲಿನ ಭಾರ ಇಷ್ಟು ವರ್ಷ ಹೊತ್ತಿದ್ದು ಯಾವ ಕಾಲು? ನಿಂದಾ?"

ಆ ಕಡೆ ನಗು ತಡೆದ ಸದ್ದು. "ಅದನ್ನೇ ಬರೆದು ಇನ್ನೊಂದು ಅಪೀಲು ಹಾಕಿ ಅಮ್ಮಾ."

ಹಾಕದೆ ಬಿಡ್ತೀನಾ.

ಜುಲೈ 28, ಬೆಳಿಗ್ಗೆ

ಇವತ್ತು ಇವರನ್ನು ಆಸ್ಪತ್ರೆಗೆ ಸೇರಿಸಬೇಕು. ನಾಳೆ ಎಡಮಂಡಿ. ಬಟ್ಟೆ ತುಂಬಿದ್ದಾಯಿತು. ನನ್ನ ಜೊತೆ ಇವರದು ಈಗಲೂ "ಹ್ಞೂ", "ಉಹ್ಞೂ" ಅಷ್ಟೇ. ಹಠಕ್ಕೆ ನಾನೇ ದೊಡ್ಡವಳು ಅಂದುಕೊಂಡಿದ್ದೆ. ಟ್ಯಾಕ್ಸಿ ಬಂದು ಹಾರ್ನ್ ಹೊಡೆಯುತ್ತಿದೆ. ಇವರು ಆಗಲೇ ಮೆಟ್ಟಿಲ ಹತ್ತಿರ ಹೋಗಿ ಕೂಗುತ್ತಿದ್ದಾರೆ. ಸೊಸೆಯನ್ನಲ್ಲ.

"ಏ ಇವಳೇ! ನನ್ನ ಕೈಲಾಗ್ತಿಲ್ಲ ಕಣೇ, ಬಾರೇ!"

ಇಡೀ ಬೀದಿಗೆ ಕೇಳುವ ಹಾಗೆ. ಕೈಲಾಗ್ತಿಲ್ಲ ಅಂತ, ಈ ಮನುಷ್ಯನ ಬಾಯಲ್ಲಿ…