ನಿಷತಳ ಪಾಲಿನ ತತ್ತಿ

ಜುಲೈ ೧೮, ಶುಕ್ರವಾರ, ಆಲಮಟ್ಟಿ

ಕೂಸಿನ ಮ್ಯಾಲೆ ಯಾಕ ಹಂಗ ಒದರಿದೆ ನಾ?

ಮೊಮ್ಮಗಳು ನಿಷತ ಸಾಲಿಗೆ ಚಾರ್ಟ್ ಬರಿಯಾಕತ್ತಿದ್ಲು. ಒಂದ ಕಡಿ ನೀಲಿ ತಿಮಿಂಗಿಲ, ಇನ್ನೊಂದ ಕಡಿ ತಿಮಿಂಗಿಲ ಶಾರ್ಕ್.

"ಎರಡೂ ಮೀನ ಅಲ್ಲೇನ?" ಅಂದೆ.

"ಅಲ್ಲ ಮುತ್ಯಾ, ಶಾರ್ಕ್ ಅಷ್ಟ ಮೀನ. ತಿಮಿಂಗಿಲ ನಮ್ಮ ಎಮ್ಮಿ ಹಂಗ ಹಾಲುಣಿಸತೈತಿ, ಎರಡ್ಮೂರು ವರ್ಷಕ್ಕ ಒಂದ ಮರಿ. ಶಾರ್ಕ್ ಒಮ್ಮೆಗೇ ನೂರಾರು ಹಾಕತೈತಿ. ಎರಡೂ ಕಡಿಮಿ ಆಗ್ಯಾವು."

"ನೂರಾರು ಹಾಕಿದ್ರ ಹೆಂಗ ಕಡಿಮಿ ಆಗ್ತಾವ, ಹುಚ್ಚಿ?"

"ದೊಡ್ಡವಾಗಿ ತಾಯಿ ಆಗಾಕ ಬಾಳ ವರ್ಷ ಬೇಕು. ಅದಕ್ಕೂ ಮೊದಲ ಮೀನಗಾರರ ಬಲಿಯಾಗ ಸಿಕ್ಕರ? ನೀನೂ ಮಳಿಗಾಲದಾಗ ತತ್ತಿ ತುಂಬಿದ ಬಸರಿ ಮೀನ ಹಿಡೀತಿ ಅಲ್ಲ?"

ಸಿಟ್ಟು ನೆತ್ತಿಗೇರಿತು. "ಆ ತತ್ತಿ ತಿಂದ ಬೆಳದು ನನಗ ಕಲಸ್ತೀಯೇನ?" ಅಂತ ಒದರಿದೆ.

ಮೀನ ಸೀಳಿದಾಗ ಸಿಗೋ ತತ್ತಿ ಮೊದಲಿಂದ್ಲೂ ಆಕಿ ಪಾಲು. ನಾನ ಹುರದು ತಾಟಿಗೆ ಹಾಕ್ತೇನಿ. ಇವತ್ತೂ ಹಾಕಿದೆ. ಆಕಿ ಮುಟ್ಟಲಿಲ್ಲ. ಕಣ್ಣು ಕೆಕ್ಕರಿಸಿದೆ. ತಲಿ ತಗ್ಗಿಸಿ ಎಲ್ಲಾ ನುಂಗಿದ್ಲು. "ಚಲೋ ಐತಿ ಮುತ್ಯಾ" ಅಂದ್ಲು. ನಾ ಏನೂ ಕೇಳಿರಲಿಲ್ಲ.

ಹೊಳಿಯಾಗ ಮೊದಲಿನಷ್ಟು ಮೀನ ಇಲ್ಲ ಅನ್ನೂದು ನನಗ ಗೊತ್ತಿಲ್ಲೇನು? ಬಲಿ ಮಡಚಿ ಅಟ್ಟಕ್ಕ ಹಾಕಿ ಬಂದೇನಿ, ಮಳಿಗಾಲ ಮುಗಿಯೂತನ ತಗ್ಯಾಂಗಿಲ್ಲ. ಆದ್ರ ಆಕಿ ಹೆದರಿ ಚಲೋ ಐತಿ ಅಂದಾಗ, ಖರೇನ ಅಂದ್ಲು ಅನ್ನೂ ಹಂಗ ಇನ್ನೊಂದು ತುಂಡು ಹಾಕಿದ್ನಲ್ಲ ನಾ, ಅದನ್ನ ಹೆಂಗ ವಾಪಸ್ ತಗೊಳ್ಳಲಿ?