ಟ್ಯಾಂಕಿನ ಹಿಂದಿನ ಗುಲಾಬಿ

ಮನೆ ಮಾಲೀಕರಿಗೆ ನಮಸ್ಕಾರ.

ಅಪ್ಪ ತೀರಿಕೊಂಡು ಒಂಬತ್ತು ದಿನವೂ ಆಗಿಲ್ಲ, ಸೋಮವಾರದೊಳಗೆ ತಾರಸಿ ಖಾಲಿಯಾಗಬೇಕು ಅಂತ ನೋಟಿಸ್ ಅಂಟಿಸಿದ್ದೀರಿ. ಆಗುತ್ತದೆ.

ಜಾಹೀರಾತು ಕಂಪನಿಯಲ್ಲಿ ಕಂಡಕಂಡ ಸೋಪನ್ನೆಲ್ಲ ಹೊಗಳಿ ಬರೆದ ಮನುಷ್ಯ, ನಿವೃತ್ತರಾದ ಮೇಲೆ ತಮ್ಮ ಗಿಡಗಳಿಗೆ ಕಟ್ಟಿದ ಚೀಟಿಗಳಲ್ಲಿ ಬರೀ ಕುಂದನ್ನೇ ಬರೆದರು. ‘ಎಲೆ ಜಾಸ್ತಿ, ಹೂವಿನ ಸುದ್ದಿಯೇ ಇಲ್ಲ.’ ‘ಉಳಿಯೋದು ಡೌಟು.’

ಎಲ್ಲ ಕುಂಡಗಳನ್ನೂ ಇಳಿಸಿದ್ದೇನೆ. ನೀರಿನ ಟ್ಯಾಂಕಿನ ಹಿಂದಿರುವ ಗುಲಾಬಿಯನ್ನು ಮಾತ್ರ ಮುಟ್ಟಿಲ್ಲ. ಅದನ್ನು ಕೆಲಸದವರ ಕೈಲಿ ಕೀಳಿಸಬೇಡಿ, ನೀವೇ ಹತ್ತಿ ಬನ್ನಿ. ಅದರ ಚೀಟಿಯಲ್ಲಿ ಕುಂದು ಬರೆದಿಲ್ಲ:

‘ಮಾಲೀಕನ ಹೆಂಡತಿ ನೆಟ್ಟಿದ್ದು. ಆಕೆ ತೀರಿಕೊಂಡ ದಿನ ಸಂಕಟಕ್ಕೆ ಕಿತ್ತೆಸೆದ. ಎತ್ತಿಟ್ಟಿದ್ದೇನೆ. ಒಂದಿನ ಕೇಳೇ ಕೇಳ್ತಾನೆ.’

ನೀರು ದಿನ ಬಿಟ್ಟು ದಿನ ಸಾಕು.

ಇಂತಿ,
ಮೇಲಿನ ಮನೆಯವರ ಮಗಳು