ಮೊದಲ ಮೂರು ದಿನದ ಹಾಲು

ಬಾಗೂರು
೯-೩-೨೦೨೪

ಶೋಭಿತಾ,

ಅಷ್ಟು ಓದಿದವಳಿಗೆ ಒಂದು ಕಾಗದ ನೆಟ್ಟಗೆ ಬರೆಯಲು ಬರುವುದಿಲ್ಲವೇನೇ? ನಾನು ಕೇಳಿದ್ದೇನು, ನೀನು ಕಳಿಸಿದ್ದೇನು? ಒಂದು ಹಾಳೆಯಲ್ಲಿ ಮೂರು ಕಡೆ ‘ಇರಬಹುದು’. ಹಾಸನದ ಲ್ಯಾಬಿನಲ್ಲಿ ಬೆಳಗಿನಿಂದ ಸಂಜೆವರೆಗೆ ಹಾಲು ನೋಡುವವಳೇ ‘ಇರಬಹುದು’ ಅಂದರೆ, ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಏನನ್ನಬೇಕು?

ಇರಲಿ, ಚೆನ್ನಾಗಿದ್ದೀಯ ತಾನೆ. ನಾನೂ ಇದ್ದೀನಿ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ತಡವಾದದ್ದಕ್ಕೆ ಮಂಡಿನೋವು ಅಂತ ಸುಳ್ಳು ಹೇಳುವುದಿಲ್ಲ. ಸಿಟ್ಟು ಇಳಿಯಲಿ ಅಂತ ಕಾಯುತ್ತಿದ್ದೆ, ಇಳಿಯಲಿಲ್ಲ. ಫೋನು ಮಾಡಿದರೆ ನೀನು ‘ಅಜ್ಜಿ, ಮೀಟಿಂಗು’ ಅಂತ ಇಟ್ಟುಬಿಡುತ್ತೀಯ.

ಮೊನ್ನೆ ಹೊಳೆನರಸೀಪುರಕ್ಕೆ ಹೋಗಿಬಂದೆ. ನಿನ್ನ ತಾತನ ಅಕ್ಕ ಚಿಕ್ಕಲಕ್ಷ್ಮಮ್ಮ ಇದ್ದಾಳಲ್ಲ, ಅವಳ ಮೊಮ್ಮಗನ ಹೆಂಡತಿ ಭವ್ಯಶ್ರೀ ಹೆತ್ತಿದ್ದಾಳೆ, ಗಂಡುಮಗು. ನಾನು ಬಾಳೆಹಣ್ಣು ಹಿಡಿದುಕೊಂಡು ಹೋದರೆ, ಆ ಮುದುಕಿ ಬಾಣಂತಿಯ ತಲೆದಿಂಬಿನ ಹತ್ತಿರ ಕುಂತು ಬಂದ ಹೆಂಗಸರಿಗೆಲ್ಲ ಪಾಠ ಹೇಳುತ್ತಿದ್ದಾಳೆ. ‘ಮೊದಲ್ನೇ ಹಾಲು ಅಂದ್ರೆ ಅಮೃತ ಕಣ್ರವ್ವಾ. ಒಂದು ತೊಟ್ಟೂ ಚೆಲ್ಬಾರ್ದು. ನಮ್ಮನೇಲಿ ಯಾವತ್ತೂ ಚೆಲ್ಲಿದ್ದೇ ಇಲ್ಲ.’

‘ಯಾವತ್ತೂ ಇಲ್ವಾ ಅಕ್ಕಯ್ಯ?’ ಅಂದೆ.

‘ಇಲ್ಲ ಕಣೆ. ನಿಂಗೆ ಅರುಳುಮರುಳು ಸುರುವಾಗದೆ ದ್ಯಾವೀರಿ’ ಅಂದಳು. ಹೆಂಗಸರೆಲ್ಲ ನಕ್ಕರು.

ನನಗೆ ಅರುಳುಮರುಳಾ? ತಾಯಿ ಇಲ್ಲದವಳು ಅಂತ ನನ್ನ ಚೊಚ್ಚಲ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಆ ಬಾಣಂತನಕ್ಕೆ ಇವಳೇ ಯಜಮಾನಿ. ನನ್ನ ಎದೆಯಲ್ಲಿ ಹಳದಿ ಹಾಲು ಬಂದಾಗ ‘ಅದು ಕೀವು ಕಣೆ, ಮಗೀಗ್ ಕುಡಿಸ್ಬೇಡ, ಹಿಂಡಾಕು’ ಅಂತ ಬೂದಿ ತುಂಬಿದ ತೆಂಗಿನ ಚಿಪ್ಪು ತಂದು ಮುಂದಿಟ್ಟಳು. ಮೂರು ದಿನ ಹಿಂಡಿದೆ. ಮಗುವಿಗೆ ಬಟ್ಟೆಯ ಬತ್ತಿಯಲ್ಲಿ ಸಕ್ಕರೆ ನೀರು. ಅದೇ ವಾರ ಕೊಟ್ಟಿಗೆಯಲ್ಲಿ ಕೆಂದಹಸು ಈದಿತ್ತು. ಅದರ ಗಿಣ್ಣುಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ಬೀದಿಗೆಲ್ಲ ಹಂಚಿದಳು. ಕರುವಿಗೂ ಹೊಟ್ಟೆ ತುಂಬ ಸಿಕ್ಕಿತು. ನಾನು ಎದೆಗೆ ಬಟ್ಟೆ ಬಿಗಿದುಕೊಂಡು ಆ ಘಮ ಕುಡಿಯುತ್ತಾ ಮಲಗಿದ್ದೆ. ನನ್ನ ಮಗ ಒಂಬತ್ತನೇ ದಿನ ಭೇದಿಯಾಗಿ ಹೋದ. ಹೆಸರೂ ಇಟ್ಟಿರಲಿಲ್ಲ.

ಹೋದ ವರ್ಷ ನೀನು ಐಸಿನ ಡಬ್ಬಿ ಹೊತ್ತು ನಮ್ಮ ಹಸುವಿನ ಗಿಣ್ಣು ಒಯ್ಯಲು ಬಂದೆ. ಅದರಲ್ಲಿ ಕಾಯಿಲೆ ತಡೆಯುವ ಪ್ರೋಟೀನು ಇದೆ, ಹೆತ್ತವಳ ಮೊದಲ ಹಾಲಿನಲ್ಲೂ ಇದೆ, ಮಗುವಿನ ಕರುಳಿಗೆ ಒಳಗಿಂದ ಬಳಿದ ಹಾಗೆ ಕೂರುತ್ತದೆ ಅಂದೆ. ನಾನು ಆಗ ಹಿತ್ತಲಿಗೆ ಎದ್ದು ಹೋದೆನಲ್ಲ, ಸಗಣಿ ಬಾಚಲು ಅಂದುಕೊಂಡೆಯಾ?

ಅದಕ್ಕೇ ನಿನ್ನನ್ನು ಕೇಳಿದ್ದು, ಆ ಹಾಲು ಕುಡಿದಿದ್ದರೆ ಮಗು ಉಳಿಯುತ್ತಿತ್ತು ಅಂತ ಸೀಲು ಹಾಕಿ ಬರೆದುಕೊಡು ಎಂದು. ನೀನು ಏನು ಬರೆದೆ? ಕರುವಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗ ಆ ಪ್ರೋಟೀನು ಸಿಗುವುದಿಲ್ಲವಂತೆ, ಮನುಷ್ಯರ ಮಗುವಿಗೆ ಒಂದಿಷ್ಟು ಸಿಕ್ಕಿರುತ್ತದಂತೆ. ಹಾಗಾಗಿ ಇದೇ ಕಾರಣ ಅಂತ ಹೇಳಲಾಗದಂತೆ. ಸಕ್ಕರೆ ನೀರು ಕೆಟ್ಟಿರಬಹುದಂತೆ. ಆ ನೀರು ಕಲಸಿದವರು ಯಾರು ತಾಯಿ? ಅವಳೇ.

ಯುಗಾದಿಗೆ ಮುಂಚಿನ ಭಾನುವಾರ ಭವ್ಯಶ್ರೀ ಮಗುವಿನ ತೊಟ್ಟಿಲು ಶಾಸ್ತ್ರ. ನೆಂಟರೆಲ್ಲ ಸೇರುತ್ತಾರೆ. ಎಲೆ ಹಾಕುವ ಮುಂಚೆ ನಾನು ಎದ್ದು ನಿಂತು ನೀನು ಬರೆದುಕೊಡುವ ಕಾಗದ ಓದುತ್ತೇನೆ. ಅವಳಿಗೆ ಕಿವಿ ಮಂದ, ಪಕ್ಕದಲ್ಲೇ ನಿಂತು ಓದುತ್ತೇನೆ. ‘ಅವ್ರಿಗೆ ವಯಸ್ಸಾಗದೆ, ಬುಟ್ಬುಡವ್ವ’ ಅಂತ ನಿಮ್ಮಮ್ಮ ಅಂದಳು. ನನಗೇನು ವಯಸ್ಸಾಗಿಲ್ಲವಾ? ಓದುವಾಗ ಅವಳ ಮುಖ ನೋಡಬೇಕು. ಅದೊಂದು ಆಸೆ ಇಟ್ಟುಕೊಂಡೇ ಐವತ್ತು ವರ್ಷ ಅವಳ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿಬಂದಿದ್ದೀನಿ.

ಮಗು ಉಳಿಯುತ್ತಿತ್ತು ಅಂತ ಬರೆಯಲಾರೆಯಾದರೆ, ಚೆಲ್ಲಿಸಿದ್ದು ತಪ್ಪು ಅಂತ ಬರೆ. ಅಷ್ಟಾದರೂ ಗೊತ್ತಿರುತ್ತದಲ್ಲ ನಿನ್ನ ಮಿಷನ್ನುಗಳಿಗೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬೇರೆಯವರ ಹಾಲು ಪರೀಕ್ಷೆ ಮಾಡುವವಳು ನೀನು ಒಂದು ಲೋಟ ಕುಡಿ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಜ್ಜಿ
ದ್ಯಾವೀರಮ್ಮ

ಮತ್ತೆ: ಅಂಟು ಹಚ್ಚುವ ಮುಂಚೆ, ಮಡಿಸಿದ್ದನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೀನಿ. ನೀನು ಹುಟ್ಟಿದ್ದು ಚನ್ನರಾಯಪಟ್ಟಣದ ಆಸ್ಪತ್ರೆಯಲ್ಲಿ. ನರ್ಸು ನಿನ್ನನ್ನು ಎದೆಗೆ ಹಾಕಿಕೋ ಅಂದಳು, ನಿಮ್ಮಮ್ಮ ಆಶಾರಾಣಿ ಕೈಚಾಚಿದಳು. ನಾನು ನಡುವೆ ಬಂದು ನಿನ್ನನ್ನು ಎತ್ತಿಕೊಂಡುಬಿಟ್ಟೆ. ‘ಮೂರು ದಿನ ಕಳೀಲಿ, ಸುಮ್ಕಿರು’ ಅಂದೆ. ಚಿಕ್ಕಲಕ್ಷ್ಮಮ್ಮ ಅಲ್ಲಿರಲಿಲ್ಲ. ಯಾರೂ ನನ್ನ ಬಾಯಲ್ಲಿ ಹೇಳಿಸಲಿಲ್ಲ. ಒಂದು ಮಗುವನ್ನು ಮಣ್ಣು ಮಾಡಿದವಳು ನಾನು, ಹಾಗಿದ್ದೂ ಹೇಳಿದೆ. ಅವಳು ಅಳುತ್ತಾ ಲೋಟಕ್ಕೆ ಹಿಂಡಿದಳು, ನಾನು ಮೋರಿಗೆ ಸುರಿದು ತೊಳೆದು ತಂದುಕೊಟ್ಟೆ. ನೀನು ಉಳಿದುಕೊಂಡೆ, ಅದು ನಿನ್ನ ಗಟ್ಟಿತನ. ನಿಮ್ಮಮ್ಮ ಇವತ್ತಿನವರೆಗೂ ಆ ಮಾತು ಎತ್ತಿಲ್ಲ, ನನಗೂ ಎತ್ತುವ ಮುಖವಿಲ್ಲ. ಬರುವ ಭಾನುವಾರ ಅರಕಲಗೂಡಿಗೆ ಹೋಗಿ ಅವಳನ್ನು ಕೇಳು: ಅಷ್ಟು ಜನರ ಮುಂದೆ ಓದುವಾಗ ಚಿಕ್ಕಲಕ್ಷ್ಮಮ್ಮನ ಹೆಸರಿನ ಜೊತೆ ನನ್ನ ಹೆಸರನ್ನೂ ಓದಬೇಕಾ? ಅವಳು ಹೇಳಿದ್ದನ್ನು ಒಂದಕ್ಷರ ತಿದ್ದದೆ, ಮುಂದಿನ ತಿಂಗಳು ಹುಟ್ಟುವುದರೊಳಗೆ ಬರೆದು ಹಾಕು.